ಬಡಗಲಿಗೆ ಹೋದ ಅಕ್ಕ

ಇಲ್ಲಿ ಕೂತ ನೀವೆಲ್ಲ ನಿಮ್ಮ ಮನೆತನದ ಮೂಲ ಹುಡುಕಬೇಕು ಅನ್ನುತ್ತೀರಿ. ಹುಡುಕಿ, ಬೇಡ ಅನ್ನುವವನು ನಾನಲ್ಲ. ಆದರೆ ಹುಡುಕಲು ಹೊರಟ ಒಬ್ಬನ ಕಥೆ ಇದೆ. ಅದನ್ನು ಕೇಳಿ, ಆಮೇಲೆ ಹೊರಡಿ.

ಮೆಣಸಿನಕಾಯಿಯ ಘಾಟಿಗೆ ಊರಿಗೆ ಊರೇ ಸೀನುವ ಒಂದು ಪೇಟೆ. ಆ ಪೇಟೆಯಲ್ಲಿ ಒಬ್ಬ ಶ್ರೀಮಂತ. ಎಂಥ ಶ್ರೀಮಂತ? ಅವನ ಗೋದಾಮಿನ ಬಾಗಿಲು ತೆರೆದರೆ ಮೂರನೆಯ ಓಣಿಯಲ್ಲಿ ಮಲಗಿದ ಕೂಸು ಕೆಮ್ಮಿ ಎದ್ದು ಕೂರಬೇಕು, ಅಂಥ ಶ್ರೀಮಂತ. ಹೆಸರು ಅಡಿವೆಪ್ಪ ದಳವಾಯಿ. ವಯಸ್ಸು ಅರವತ್ತಮೂರು. ದಳವಾಯಿ ಅಂದರೆ ಗೊತ್ತಲ್ಲ, ದಂಡು ನಡೆಸುವವನು. ಇವನು ನಡೆಸುತ್ತಿದ್ದದ್ದು ಮೆಣಸಿನಕಾಯಿ ಚೀಲಗಳ ದಂಡು. ಆದರೂ ಆ ಹೆಸರು ಹೇಳುವಾಗ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಆ ಮನೆತನದಲ್ಲಿ ಒಂದು ಮಾತು ನಡೆದು ಬಂದಿತ್ತು. ತೆಂಕಣದ ಒಂದು ಕೋಟೆಯ ದಳವಾಯಿ ಬಿಳಿ ಕುದುರೆ ಏರಿ, ನಲವತ್ತು ಸವಾರರನ್ನು ಕಟ್ಟಿಕೊಂಡು, ತುಂಬಿದ ಹೊಳೆಯಲ್ಲಿ ಕುದುರೆ ಈಜಿಸಿ ಈ ಸೀಮೆಗೆ ಬಂದ. ಅವನೇ ಮೂಲಪುರುಷ. ಅಡಿವೆಪ್ಪ ಇದನ್ನು ಅಜ್ಜನ ಬಾಯಲ್ಲಿ ಕೇಳಿದ್ದ. ಅಜ್ಜ ಯಾರ ಬಾಯಲ್ಲಿ ಕೇಳಿದ್ದನೋ!

ಅಡಿವೆಪ್ಪ ಹೊಸ ಮನೆ ಕಟ್ಟಿಸಿದ. ಪಡಸಾಲೆಯ ನಡುಗೋಡೆಗೆ ಆಳೆತ್ತರದ ಕರಿಕಲ್ಲು ತರಿಸಿದ. ಅದರ ಮೇಲೆ ಇಡೀ ವಂಶಾವಳಿ ಕೆತ್ತಿಸಬೇಕು, ಒಳಗೆ ಕಾಲಿಟ್ಟವರಿಗೆ ಮೊದಲು ಅದೇ ಕಾಣಬೇಕು. ಕಲ್ಲುಕುಟಿಗ ಮೌನೇಶ ಒಂದು ತಿಂಗಳು ಕೂತು ಕುದುರೆ ಕೆತ್ತಿದ, ಕತ್ತಿ ಕೆತ್ತಿದ, ಮೀಸೆ ಕೆತ್ತಿದ. ಆಮೇಲೆ ಉಳಿ ಕೆಳಗಿಟ್ಟು ಕೇಳಿದ: “ಧಣ್ಯಾರ, ಕುದುರಿ ಮ್ಯಾಲ ಕುಂತಾರಲ್ರಿ, ಇವರ ಹೆಸರೇನ್ರಿ?”

ಅಡಿವೆಪ್ಪ ಬಾಯಿ ತೆರೆದ. ಹೆಸರು ಬರಲಿಲ್ಲ.

ನೋಡಿ, ಅರವತ್ತಮೂರು ವರ್ಷ ಆ ಮನುಷ್ಯ ಆ ಕುದುರೆಯ ಮೇಲೆ ಮೆರೆದಿದ್ದ. ಅದನ್ನು ಏರಿದವನ ಹೆಸರು ಕೇಳಬೇಕು ಅಂತ ಒಂದು ದಿನವೂ ಹೊಳೆದಿರಲಿಲ್ಲ. ಆ ದಿನ ಹೊಳೆಯಿತು. ಹೊಳೆದದ್ದೇ ತಡ, ಅದು ಬಾಯಲ್ಲಿ ಸಿಕ್ಕಿದ ಸಿಪ್ಪೆಯ ಹಾಗೆ ಕಾಡತೊಡಗಿತು. ಉಣ್ಣುವಾಗ ಅದೇ, ತೂಕದ ಕಟ್ಟೆಯ ಮೇಲೆ ನಿಂತಾಗ ಅದೇ. ಯಾರು ಅವನು? ಯಾವ ಕೋಟೆ? ಯಾಕೆ ಬಂದ?

ಸುಗ್ಗಿ ಮುಗಿದ ಮೇಲೆ ಹೆಳವ ಬಂದ. ಹೆಳವರನ್ನು ನೀವು ಬಲ್ಲಿರಿ. ಮನೆಮನೆಯ ವಂಶಾವಳಿ ಇಟ್ಟುಕೊಂಡು, ವರ್ಷ ಎರಡು ವರ್ಷಕ್ಕೊಮ್ಮೆ ಬಂದು ಹೊಗಳಿ ಹಾಡಿ, ಹುಟ್ಟಿದವರನ್ನು ಸತ್ತವರನ್ನು ಬರೆದುಕೊಂಡು, ಮೊರ ತುಂಬ ಜೋಳ ಪಡೆದು ಹೋಗುವವರು. ಅವರಪ್ಪಂದಿರು ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬರುತ್ತಿದ್ದರು. ಈ ಮನೆಗೆ ಅವರು ಕೊನೆಯ ಸಲ ಬಂದದ್ದು ಅಡಿವೆಪ್ಪ ಹುಡುಗನಾಗಿದ್ದಾಗ. ಈ ಹೆಳವ ಸಿದ್ರಾಮ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಬಂದ. ಗಂಟೆ ಮಾತ್ರ ಅದೇ ಹಳೆಯದು. ಬಾಸಿಂಗ ಕಟ್ಟಿದ ಮದುಮಗನನ್ನು ಕೂರಿಸುವ ಹಾಗೆ ಅಡಿವೆಪ್ಪ ಅವನನ್ನು ಕಂಬಳಿಯ ಮೇಲೆ ಕೂರಿಸಿದ.

“ಮೊದಲ ಈಗಿಂದ ಬರಕೊಂತೀನ್ರಿ, ಆಮ್ಯಾಲ ಹಿಂದಿಂದ ಹಾಡ್ತೀನಿ,” ಅಂದ ಸಿದ್ರಾಮ, ಪುಸ್ತಕ ಬಿಚ್ಚುತ್ತ. ಮಕ್ಕಳು, ಮೊಮ್ಮಕ್ಕಳು, ಸೊಸೆಯಂದಿರು, ಎಲ್ಲ ಆಯಿತು. ಪುಸ್ತಕದ ಮೇಲೆ ಅವನ ಬೆರಳು ಒಂದು ಕಡೆ ನಿಂತಿತು. “ನಿಮ್ಮ ಅಕ್ಕಾರು, ಬಾಳವ್ವ. ಹುಟ್ಟಿದ್ದು ನಮ್ಮಪ್ಪ ಬರದಾನ. ಮುಂದಿಂದು ಇಲ್ಲ. ಏನ ಬರೀಲ್ರಿ?”

“ಏನೂ ಬರೀಬ್ಯಾಡ.”

“ತೀರಿಕೊಂಡಾರೇನ್ರಿ?”

“ಇಲ್ಲ.”

“ಹಂಗಾರ?”

“ಒಂದ ಗೀಟ ಎಳಿ. ಮುಂದ ನಡಿ.”

ಸಿದ್ರಾಮ ಗೀಟು ಎಳೆದ. ಬಾಗಿಲಲ್ಲಿ ಚಹದ ಬಟ್ಟಲು ಹಿಡಿದು ನಿಂತಿದ್ದ ಅಡಿವೆಪ್ಪನ ಹೆಂಡತಿ ಪಾರವ್ವ ಬಟ್ಟಲು ಕೆಳಗಿಟ್ಟು ಒಳಗೆ ಹೋದಳು.

ಆ ಅಕ್ಕ ಮಾಡಿದ ತಪ್ಪೇನು ಗೊತ್ತೇ? ಮೂವತ್ತೈದಕ್ಕೆ ಗಂಡನನ್ನು ಕಳೆದುಕೊಂಡಳು. ತವರಿಗೆ ಬಂದಳು. ಹನ್ನೊಂದು ವರ್ಷ ತಮ್ಮನ ಮನೆಯಲ್ಲಿ ರೊಟ್ಟಿ ಬಡಿದಳು, ತಮ್ಮನ ಮಕ್ಕಳನ್ನು ಎತ್ತಿ ಆಡಿಸಿದಳು. ಆಮೇಲೆ ಒಂದು ದಿನ, ಸೀರೆ ಮಾರಲು ಬರುತ್ತಿದ್ದ ರಾಚಪ್ಪ ಎಂಬ ನೇಕಾರನನ್ನು ಮದುವೆಯಾದಳು. ಕದ್ದು ಓಡಲಿಲ್ಲ, ಹೇಳಿಯೇ ಹೋದಳು. ಹೇಳಿ ಹೋದದ್ದೇ ತಮ್ಮನಿಗೆ ಹೆಚ್ಚು ಉರಿಯಿತು. “ದಳವಾಯಿ ಮನಿ ಹೊಸ್ತಿಲ ಮತ್ತ ತುಳೀಬ್ಯಾಡ,” ಅಂದ. ಅದಾಗಿ ಇಪ್ಪತ್ತೆರಡು ವರ್ಷ. ಅವಳಿರುವ ನೇಕಾರರ ಊರು ಹನ್ನೆರಡು ಮೈಲಿ.

ಸಿದ್ರಾಮ ಹಾಡತೊಡಗಿದ. ಹನ್ನೊಂದು ತಲೆಮಾರು, ಗಂಡು ಗಂಡು ಗಂಡು, ಅಪ್ಪನ ಹಿಂದೆ ಅಪ್ಪ. ಕೊನೆಗೆ ದನಿ ಇಳಿಸಿ ಒಂದು ಪದ ಹೇಳಿದ: ಸಿಹಿಬಾವಿ ಉಪ್ಪುಬಾವಿ ನಡುವೆ ಕೋಟೆಬಾಗಿಲು, ಒಂಟಿ ಕೊಂಬಿನ ಬಸವ ಕಾಯುವ ಬಾಗಿಲು, ಆ ಬಾಗಿಲು ದಾಟಿ ಬಂದ ಕೂಸೇ ಈ ಮನೆಯ ಬೇರು. ಅಷ್ಟು ಹೇಳಿ ಪುಸ್ತಕ ಮುಚ್ಚಿದ.

“ತಡಿ, ತಡಿ,” ಅಂದ ಅಡಿವೆಪ್ಪ. “ಏನಂದಿ? ಕೂಸು?”

“ಹೌದ್ರಿ, ಕೂಸು.”

“ದಳವಾಯಿ ಅಲ್ಲ?”

“ನಮ್ಮ ಪುಸ್ತಕದಾಗ ಕೂಸು ಅಂತನ ಐತ್ರಿ.”

“ಕೂಸು ಕುದುರಿ ಹತ್ತತೈತೇನಲೇ?”

“ನಂಗೇನ ಗೊತ್ತ್ರಿ? ಹೋಗಿ ನೋಡಿ ಬರ್ರಿ.”

ಹೋಗಿ ನೋಡಿ ಬರ್ರಿ! ಬೇರೆ ಯಾರಾದರೂ ನಕ್ಕು ಬಿಡುತ್ತಿದ್ದರು. ಅಡಿವೆಪ್ಪ ಬಿಡಲಿಲ್ಲ. ನಾಲ್ಕನೆಯ ದಿನಕ್ಕೆ ಪಾರವ್ವನನ್ನು ಕರೆದುಕೊಂಡು, ಬುತ್ತಿ ಕಟ್ಟಿಸಿಕೊಂಡು, ಕಾರು ಹತ್ತಿ ತೆಂಕಣಕ್ಕೆ ಹೊರಟ. ಅವನ ಜೇಬಿನಲ್ಲಿ ಒಂದೇ ಚೀಟಿ. ಅದರಲ್ಲಿ ಮೂರು ಗುರುತು. ಸಿಹಿಬಾವಿ, ಉಪ್ಪುಬಾವಿ, ಒಂಟಿ ಕೊಂಬಿನ ಬಸವ.

ಮೊದಲ ಕೋಟೆ ದೊಡ್ಡದು. ಜನ ಗಿಜಿಗಿಜಿ. ಬಾಗಿಲಲ್ಲೇ ಒಬ್ಬ ಗೈಡು ಗಂಟುಬಿದ್ದ. ಹೆಸರು ಕೇಳಿದ. ದಳವಾಯಿ ಅಂದದ್ದೇ ತಡ, ಅವನ ಮುಖ ಅರಳಿತು. “ದಳವಾಯಿಗಳಾ ಸಾರ್? ಅಯ್ಯೋ, ಬನ್ನಿ ಬನ್ನಿ! ನಿಮ್ ತಾತನವರ ಅರಮನೆ ಇಲ್ಲೇ ಐತಲ್ಲ! ಇದೇ ಅವರು ಕುದುರೆ ಕಟ್ತಿದ್ ಕಲ್ಲು, ಇದೇ ಸ್ನಾನದ್ ಕೊಳ!” ಅಡಿವೆಪ್ಪನ ಬೆನ್ನು ನೆಟ್ಟಗಾಯಿತು. ಕುದುರೆ ಕಟ್ಟುವ ಕಲ್ಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ಜೇಬಿನ ಚೀಟಿ ನೆನಪಾಯಿತು.

“ಇಲ್ಲಿ ಬಾವಿ ಎಷ್ಟು ಅದಾವಪ್ಪ?”

“ನಿಮಗೆಷ್ಟು ಬೇಕು ಸಾರ್?”

ನಗುತ್ತೀರಿ. ನಗಿ. ಆದರೆ ಒಂದು ಮಾತು. ಅವನು ಸುಳ್ಳು ಹೇಳಿದನೇ? ಇವನಿಗೆ ಬೇಕಾದದ್ದನ್ನು ಕೊಟ್ಟ. ನಾವೆಲ್ಲ ಹಿರಿಯರನ್ನು ಹುಡುಕುವುದು ಹೀಗೇ ಅಲ್ಲವೇ? ನಮಗೆ ಎಷ್ಟು ಎತ್ತರದ ಅಜ್ಜ ಬೇಕೋ ಅಷ್ಟು ಎತ್ತರದ ಅಜ್ಜ ಸಿಗಬೇಕು. ಪುಣ್ಯಕ್ಕೆ ಅಡಿವೆಪ್ಪನಿಗೆ ಅಭಿಮಾನದ ಜೊತೆಗೆ ವ್ಯಾಪಾರಿಯ ಮೂಗೂ ಇತ್ತು. ಬಣ್ಣ ಹಾಕಿದ ಮೆಣಸಿನಕಾಯಿ ಯಾವುದು, ಗಿಡದಲ್ಲೇ ಕೆಂಪಾದದ್ದು ಯಾವುದು, ಕೈಗೆ ತೆಗೆದುಕೊಂಡರೆ ತಿಳಿಯುತ್ತಿತ್ತು. ಗೈಡಿಗೆ ಚಹ ಕುಡಿಸಿ, ಕೈ ಮುಗಿದು ಹೊರಬಿದ್ದ.

ಎರಡನೆಯ ಕೋಟೆಯಲ್ಲಿ ಬಾವಿ ಇತ್ತು, ಬಸವ ಇರಲಿಲ್ಲ. ಮೂರನೆಯದರಲ್ಲಿ ಬಸವನಿಗೆ ಎರಡೂ ಕೊಂಬು ಭದ್ರವಾಗಿದ್ದವು. ಪಾರವ್ವನ ಕಾಲು ಊದಿದವು. ಆದರೂ ಅವಳಿಗೂ ಹಟ ಹತ್ತಿತ್ತು. “ಇಷ್ಟ ಬಂದೀವಿ, ಇನ್ನೊಂದ ನೋಡೂಣ,” ಅನ್ನುವವಳು ಈಗ ಅವಳೇ. ನಾಲ್ಕನೆಯ ದಿನ ದಾರಿಬದಿಯ ಎಳನೀರಿನವನೊಬ್ಬ ಚೀಟಿ ಓದಿಸಿಕೊಂಡು ತಲೆ ಕೆರೆದ. “ಉಪ್ಪುಬಾವಿ ಅಂದ್ರಾ? ಮೂಡಲಕೋಟೆಲಿ ಒಂದು ಅದ. ಕೋಟೆ ಅನ್ನಕ್ಕೆ ಈಗೇನಿಲ್ಲ ಬುದ್ದಿ, ಆಡು ಮೇಯ್ತವ.”

ಆಡು ಮೇಯುತ್ತಿದ್ದದ್ದು ನಿಜ. ಮುರಿದ ಗೋಡೆ, ಕುಸಿದ ಬುರುಜು, ಫಲಕವಿಲ್ಲ, ಕಾವಲಿಲ್ಲ. ಕೋಟೆಬಾಗಿಲು ಇದ್ದಲ್ಲಿ ಎರಡು ಕಲ್ಲುಕಂಬ. ಅವುಗಳ ಆಚೆ ಈಚೆ ಎರಡು ಬಾವಿ. ಅಡಿವೆಪ್ಪ ಒಂದರಿಂದ ನೀರು ಸೇದಿ ಕುಡಿದ. ಸಿಹಿ. ಇನ್ನೊಂದಕ್ಕೆ ಓಡಿದ. ಅರವತ್ತಮೂರರ ಮನುಷ್ಯ ಪಂಚೆ ಎತ್ತಿಕಟ್ಟಿ ಓಡಿದ! ಸೇದಿ ಬಾಯಿಗೆ ಹಾಕಿ ಥೂ ಎಂದು ಉಗಿದು, ಚಪ್ಪಾಳೆ ತಟ್ಟಿದ. “ಪಾರಿ! ಉಪ್ಪು! ಉಪ್ಪು ಐತಿ!” ಉಪ್ಪುನೀರು ಕುಡಿದು ಹಾಗೆ ಕುಣಿದವನನ್ನು ಆ ಊರು ಕಂಡಿರಲಿಲ್ಲ. ಕಂಬದ ಪಕ್ಕದಲ್ಲಿ ಬಸವ ಕೂತಿದ್ದ. ಎಡಗೊಂಬು ಇತ್ತು, ಬಲಗೊಂಬು ಮುರಿದಿತ್ತು.

ಅವನು ದಳವಾಯಿಯ ಕಲ್ಲು ಹುಡುಕಿದ. ಕತ್ತಿ ಹಿಡಿದವನು, ಕುದುರೆ ಏರಿದವನು ಎಲ್ಲಾದರೂ ಇರಬೇಕಲ್ಲ? ಇರಲಿಲ್ಲ. ಬಸವನ ಹಿಂದೆ ಒಂದೇ ಕಲ್ಲು ನಿಂತಿತ್ತು. ಅದರ ಮೇಲೆ ಒಬ್ಬ ಹೆಂಗಸು, ಸೊಂಟದ ಮೇಲೆ ಕೂಸು. ಅರಿಶಿನ ಸವರಿ ಸವರಿ ಹೆಂಗಸಿನ ಮುಖ ಸವೆದು ನುಣ್ಣಗಾಗಿತ್ತು. ಮುಂದೆ ಹಣತೆ. ಹಣತೆಗೆ ಎಣ್ಣೆ ಹಾಕುತ್ತ ಕೂತಿದ್ದವಳು ಎಂಬತ್ತು ದಾಟಿದ ಒಬ್ಬ ಮುದುಕಿ. ಹೆಸರು ದೊಡ್ಡತಾಯಮ್ಮ.

“ಇದು ಯಾರಬೇ?” ಅಂತ ಕೇಳಿದ ಅಡಿವೆಪ್ಪ.

“ನಮ್ಮಕ್ಕ ಕನಪ್ಪ. ಬಡಗಲಿಗೋದ ಅಕ್ಕ.” ಮುದುಕಿ ಎಣ್ಣೆಯ ಕೈಯನ್ನು ತಲೆಗೆ ಒರೆಸಿಕೊಂಡಳು. “ಈ ಕೋಟೆ ಬಿದ್ದಾಗ ದಳವಾಯಿನೂ ಅವನ ಮಕ್ಳೂ ಇಲ್ಲೇ ಬಿದ್ದೋದ್ರು. ಒಂದೇ ಒಂದು ಕೈಗೂಸು ಉಳ್ಕಂತು. ದಳವಾಯಿಗೊಬ್ಳು ಹಿರೀಮಗಳು, ಗಂಡ ಸತ್ತು ತವರಿಗೆ ಬಂದು ಕೂತಿದ್ಲು. ಮುಂಡೆ ಅಂತ ಯಾರೂ ಲೆಕ್ಕಕ್ಕಿಡದೆ ಇದ್ದೋಳು. ಅವಳೇ ತಮ್ಮನ್ನ ಸೊಂಟದ ಮ್ಯಾಲೆ ಮಡಿಕ್ಕಂಡು, ಒಬ್ಳೇ, ಬಡಗಲ ದಿಕ್ಕಿಗೆ ನಡ್ಕಂಡು ಒಂಟೋದ್ಲು. ಆಮೇಕೆ ಸುದ್ದಿನೇ ಇಲ್ಲ. ಇದ್ದಾಳೋ ಸತ್ಲೋ ಅಂತ ನಮ್ಮೋರು ಕಲ್ಲು ನಿಲ್ಲಿಸವ್ರೆ. ನಮ್ಮವ್ವ ದೀಪ ಮಡಗೋಳು, ಅವರವ್ವ ಮಡಗೋಳು, ಈಗ ನಾನು.”

ಅಡಿವೆಪ್ಪ ಬಗ್ಗಿ ಕಲ್ಲಿನ ಮೇಲಿನ ಕೂಸನ್ನು ಮುಟ್ಟಿ ನೋಡಿದ. ಪಾರವ್ವನೇ ಹೇಳಿದಳು: “ಯವ್ವಾ, ನಾವು ಬಡಗಣದಿಂದನ ಬಂದೀವಿ. ಹೊಳಿ ಆಚೆ ಊರು. ನಮ್ಮ ಮನಿ ಅಡ್ಡಹೆಸರು ದಳವಾಯಿ. ನಮ್ಮ ಹೆಳವ ಈ ಬಾವಿ, ಈ ಬಸವ, ಎಲ್ಲಾ ಹೇಳ್ಯಾನ.”

ಮುದುಕಿ ಎದ್ದು ನಿಂತಳು. ಅಡಿವೆಪ್ಪನ ಹತ್ತಿರ ಬಂದು, ಅವನ ಮುಖವನ್ನೇ ದಿಟ್ಟಿಸಿ, ಒಂದೇ ಮಾತು ಕೇಳಿದಳು:

“ಹಂಗಾರೆ ಕೂಸು ಬದುಕ್ತಾ?”

ಕೇಳಿದಿರಾ? ಸುಮಾರು ಮುನ್ನೂರು ವರ್ಷ ಆ ಊರು ಕಾದು ಕೂತಿದ್ದದ್ದು ಈ ಒಂದು ಪ್ರಶ್ನೆಗೆ ಉತ್ತರಕ್ಕೆ. ದಳವಾಯಿ ಎಷ್ಟು ಶೂರ, ಎಷ್ಟು ಕುದುರೆ, ಅದಲ್ಲ. ಕೂಸು ಬದುಕಿತಾ?

“ಬದುಕಿತಬೇ,” ಅಂದ ಅಡಿವೆಪ್ಪ. “ನಾನ ಆ ಕೂಸಿನ ಹನ್ನೊಂದನೇ ತಲಿ.”

ಮುದುಕಿ ಹೊರಳಿ, ಊರ ಕಡೆ ಮುಖ ಮಾಡಿ, ಆ ವಯಸ್ಸಿನಲ್ಲಿ ಎಲ್ಲಿಂದ ಬಂತೋ ಆ ದನಿ, ಕೂಗಿದಳು: “ಬರ್ರವ್ವಾ! ಕೂಸು ಬದುಕ್ತಂತೆ ಕನ್ರವ್ವಾ!” ಹೆಂಗಸರು ಬಂದರು. ಮೊರದಲ್ಲಿ ರಾಗಿ ಕೇರುತ್ತಿದ್ದವರು ಮೊರ ಹಿಡಿದೇ ಬಂದರು. ಮೆಣಸಿನಕಾಯಿ ಪೇಟೆಯ ಧಣಿಯ ಗಲ್ಲ ಸವರಿ, ನೆಟಿಗೆ ಮುರಿದು, ದೃಷ್ಟಿ ತೆಗೆದರು. ಆ ಮನುಷ್ಯ ಹಸುಗೂಸಿನ ಹಾಗೆ ಕೈಕಾಲು ಸಡಿಲಬಿಟ್ಟು ನಿಂತಿದ್ದ.

ಆಮೇಲೆ ದೊಡ್ಡತಾಯಮ್ಮ ಅವನ ಕೈ ಹಿಡಿದು ಕಲ್ಲಿನ ಮುಂದೆ ಕೂರಿಸಿದಳು. “ಈಗ ಯೋಳು ಮಗಾ. ಅಕ್ಕನ ಹೆಸರೇನು? ನಮ್ಮಲ್ಲಿ ಮರ್ತೋಗದೆ. ಅಕ್ಕ, ಅಕ್ಕ ಅಂತ ಕರ್ಕಂಡೇ ಬಂದೋ. ಸಾಕ್ಸಿಕಂಡ ಮನೆಯೋರು ನೀವು, ನಿಮ್ಮಲ್ಲಿ ಗೊತ್ತಿರ್ತದಲ್ಲ. ನಿಮ್ಮೂರಲ್ಲಿ ಅವಳ ಕಲ್ಲು ಎಲ್ಲದೆ? ದೀಪ ಯಾರು ಮಡಗ್ತೀರಿ?”

ಏನು ಹೇಳಿಯಾನು? ಹೆಳವನ ಪುಸ್ತಕದಲ್ಲಿ ಕೂಸಿತ್ತು. ಕೂಸನ್ನು ಎತ್ತಿಕೊಂಡು ಬಂದವಳು ಇರಲಿಲ್ಲ. ಹಳ್ಳ ದಾಟಿದವಳು, ಕಾಡು ದಾಟಿದವಳು, ಯಾರ ಮನೆಯ ಹಿಟ್ಟು ಬೀಸಿಯೋ ಆ ಕೂಸಿಗೆ ಹಾಲು ಕುಡಿಸಿದವಳು ಎಲ್ಲಿಯೂ ಇರಲಿಲ್ಲ. ಅವಳ ಜಾಗದಲ್ಲಿ ಇವನ ಮನೆಯವರು ಒಂದು ಬಿಳಿ ಕುದುರೆ ತಂದು ನಿಲ್ಲಿಸಿದ್ದರು. ನೋಡಿ, ಕೂಸು ಹುಟ್ಟಿದರೆ ತೊಟ್ಟಿಲಿಗೆ ಬಾಗಿ ಕಿವಿಯಲ್ಲಿ ಹೆಸರು ಹೇಳುವವಳು ಯಾರು? ಸೋದರತ್ತೆ. ಮನೆಯ ಮಗಳು. ಹನ್ನೊಂದು ತಲೆಮಾರು ಹೆಸರಿಟ್ಟವರು ಹೆಣ್ಣುಮಕ್ಕಳು, ಅವರಲ್ಲಿ ಮೊದಲನೆಯವಳ ಹೆಸರೇ ಯಾರಿಗೂ ನೆನಪಿಲ್ಲ!

“ಗೊತ್ತಿಲ್ಲಬೇ,” ಅಂದ ಅಡಿವೆಪ್ಪ. ತಲೆ ತಗ್ಗಿಸಿಯೇ ಅಂದ.

ಮುದುಕಿ ಬೈಯಲಿಲ್ಲ. ಒಂದು ಚಿಟಿಕೆ ಅರಿಶಿನವನ್ನು ಕಾಗದದಲ್ಲಿ ಕಟ್ಟಿ ಪಾರವ್ವನ ಉಡಿಗೆ ಹಾಕಿದಳು. ಅಷ್ಟೇ.

ಅಲ್ಲಿಂದ ತಿರುಗಿ ಹೊರಟರು. ಮರುದಿನ ಮಧ್ಯಾಹ್ನ ಹೊಳೆಯ ಸೇತುವೆ ದಾಟಿದರು. ತಮ್ಮ ಪೇಟೆಗೆ ಹೋಗುವ ದಾರಿ ಬಲಕ್ಕೆ ಹೊರಳುವ ಕೂಟಿನಲ್ಲಿ ಅವನು ಡ್ರೈವರಿಗೆ ಗಾಡಿ ನಿಲ್ಲಿಸು ಅಂದ. ಪಾರವ್ವನಿಂದ ಅರಿಶಿನದ ಪೊಟ್ಟಣ ಇಸಿದುಕೊಂಡು ಬಿಚ್ಚಿ ನೋಡಿದ. ಕೊನೆಗೆ, “ಅಕ್ಕನ ಊರಿಗಿ ನಡಿ. ಮನಿ ಯಾವದೋ ಏನೋ, ಕೇಳಿದ್ರಾತು,” ಅಂದ.

“ಕೇಳೂದೇನು ಬ್ಯಾಡ,” ಅಂದಳು ಪಾರವ್ವ, ಕಿಟಕಿಯ ಹೊರಗೆ ನೋಡುತ್ತ. “ಹನಮಪ್ಪನ ಗುಡಿ ಹಿಂದ, ಮೂರನೇ ಮನಿ.”

“ನಿನಗ ಹೆಂಗ ಗೊತ್ತು?”

“ನಾಗರ ಪಂಚಮಿಗಿ ತವರಿನ ಉಂಡಿ ಕೊಟ್ಟ ಬರ್ತೀನಿ. ಪ್ರತಿ ವರ್ಷ.”

ಇಪ್ಪತ್ತೆರಡು ಪಂಚಮಿ! ಗಂಡ ಗೀಟು ಎಳೆಸಿದ್ದ, ಹೆಂಡತಿ ಆ ಗೀಟಿನ ಮೇಲೆ ನಡೆದು ಹೋಗಿ ಬರುತ್ತಿದ್ದಳು. ಬೇರೆ ದಿನವಾದರೆ ಅಡಿವೆಪ್ಪ ಸಿಡಿಯುತ್ತಿದ್ದ. ಅಂದು ಹೆಂಡತಿಯ ಕಡೆ ನೋಡಿದ, ಅಷ್ಟೇ.

ಬಾಳವ್ವ ಪಡಸಾಲೆಯಲ್ಲಿ ರಾಟೆಯ ಮುಂದೆ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಒಳಗೆ ರಾಚಪ್ಪನ ಮಗ್ಗದ ಸಪ್ಪಳ. ತಮ್ಮ ಬಂದು ಬಾಗಿಲಲ್ಲಿ ನಿಂತ. ಅಕ್ಕ ಒಳಗೆ ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ರಾಟೆ ನಿಲ್ಲಿಸಿ ಕೇಳಿದಳು:

“ದಾರಿ ಬಹಳ ದೂರ ಆತೇನೋ ಅಡಿವ್ಯಾ?”

“ಆತಬೇ ಅಕ್ಕಾ.”

“ಯಾಕ ಬಂದಿ?”

“ವಂಶಾವಳಿ ಕೆತ್ತಸಾಕತ್ತೀನಿ. ನಿನ್ನ ಹೆಸರ...”

ಬಾಳವ್ವ ನಕ್ಕಳು. ಸಿಹಿ ನಗೆಯಲ್ಲ ಅದು. “ನಿನ್ನ ಮಕ್ಕಳ ಕಿವ್ಯಾಗ ಹೆಸರ ಹೇಳಿದಾಕಿ ನಾ. ಈಗ ನನ್ನ ಹೆಸರ ಕೇಳಾಕ ಬಂದಿ. ಬರಿ. ಆದರ ನನ್ನ ಹೆಸರಿನ ಮಗ್ಗಲಕ ನನ್ನ ಗಂಡನ ಹೆಸರನೂ ಬರೀಬೇಕು. ರಾಚಪ್ಪ, ನೇಕಾರ ಅಂತ ಬರೀಬೇಕು. ಬರ್ಯೂದಾದ್ರ ಒಳಗ ಬಾ. ಇಲ್ಲಂದ್ರ ನೀರ ಕುಡದ ಹೋಗು.”

ಅಡಿವೆಪ್ಪ ಹೊಸ್ತಿಲ ಮೇಲೆ ನಿಂತ. ಅವನ ಕಣ್ಣ ಮುಂದೆ ಏನೇನು ಬಂತು? ಪೇಟೆಯ ಜನ ಬಂದರು. ಬೀಗರು ಬಂದರು. ದೊಡ್ಡಪ್ಪನ ಮಕ್ಕಳು, ಅವರ ಮೀಸೆ, ಅವರ ಮಾತು, ಎಲ್ಲ ಬಂದವು. ಅದಕ್ಕೇ ಅವನು ತಡಮಾಡಿದ. ಒಪ್ಪಿಕೊಳ್ಳೋಣ, ತಡಮಾಡಿದ. ಮಗ್ಗದ ಸಪ್ಪಳ ನಿಂತಿತು. ಒಳಗಿನಿಂದ ರಾಚಪ್ಪ, ಬೆವರು ಒರೆಸಿಕೊಳ್ಳುತ್ತ ಬಂದವನು, “ಹೊರಗ ಬಿಸಲೈತಿ, ನಿಂದ್ರಸಬ್ಯಾಡ ಬಾಳವ್ವ,” ಅಂದ. ಅಡಿವೆಪ್ಪ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ.

ಕಲ್ಲಿನ ಗತಿ ಏನಾಯಿತು ಅಂದಿರಾ? ಹೊಸದಾಗಿ ಕೆತ್ತಲು ಅದರಲ್ಲಿ ಜಾಗವಿರಲಿಲ್ಲ, ಅರ್ಧ ಕಲ್ಲನ್ನು ಕುದುರೆಯೇ ನುಂಗಿತ್ತು. ಮೌನೇಶ ಯೋಚಿಸಿ, ಕಲ್ಲನ್ನೇ ಹೊರಳಿಸಿದ. ಹಿಂಬದಿಯಲ್ಲಿ ಮೊದಲ ಸಾಲು ಕೆತ್ತಿದ: “ಅಕ್ಕ. ಹೆಸರು ತಿಳಿಯದು. ತಮ್ಮನನ್ನು ಎತ್ತಿಕೊಂಡು ತೆಂಕಣದಿಂದ ನಡೆದು ಬಂದವಳು.” ಕೆಳಗೆ ಕೂಸು. ಅದರ ಕೆಳಗೆ ಗಂಡು ಹೆಣ್ಣು ಎಲ್ಲ, ಸಿಕ್ಕಷ್ಟು ಹೆಸರು. ಸಿಗದ ಕಡೆ ಖಾಲಿ ಜಾಗ. ಕೊನೆಯ ಸಾಲುಗಳಲ್ಲಿ ಬಾಳವ್ವ, ರಾಚಪ್ಪ ನೇಕಾರ. ಮನೆ ಒಕ್ಕಲಾದ ದಿನ ದೊಡ್ಡಪ್ಪನ ಮಗ ಕಲ್ಲು ಓದಿ, “ಕುದುರಿ ಎಲ್ಲಿ ಹೋತು?” ಅಂದ. “ಗ್ವಾಡಿ ಕಡೆ ಮುಖಾ ಮಾಡಿ ನಿಂತೈತಿ,” ಅಂದ ಅಡಿವೆಪ್ಪ. ನಾಲ್ಕು ಮನೆಯವರು ಉಣ್ಣದೆ ಎದ್ದು ಹೋದರು. ಹೋದರು. ಮಾಡಿಸಿದ್ದ ಸಿಹಿ ಮಾದೇಲಿ ಉಳಿಯಿತು. ಬಾಳವ್ವ ಅದನ್ನು ಓಣಿಗೆಲ್ಲ ತಾನೇ ನಿಂತು ಬಡಿಸಿದಳು.

ಇಷ್ಟು ಕಥೆ. ಈಗ ನಿಮ್ಮ ಸರದಿ.

ಇಲ್ಲಿ ಕೂತವರಲ್ಲಿ ಅಪ್ಪನ ಅಪ್ಪನ ಹೆಸರು ಗೊತ್ತಿರುವವರು ಕೈ ಎತ್ತಿ. ಭೇಷ್, ಎಷ್ಟು ಕೈ! ಇಳಿಸಿ. ಅವ್ವನ ಅವ್ವನ ಅವ್ವನ ಹೆಸರು? ಕೈ ಎತ್ತಿ. ಯಾಕೆ, ಭುಜ ನೋಯುತ್ತದೆಯೇ? ಆ ಕಂಬದ ಹತ್ತಿರ ಕೂತ ತಾಯಿ ಒಬ್ಬರು ಎತ್ತಿದ್ದಾರೆ. ಹೇಳಿ ತಾಯಿ, ಎಲ್ಲರೂ ಕೇಳಲಿ. ಸಿದ್ಲಿಂಗವ್ವ! ನೋಡಿ, ಎಷ್ಟೋ ವರ್ಷದ ಮೇಲೆ ಆ ಹೆಸರು ಇಂದು ಗಾಳಿಗೆ ಬಂತು.

ಕೋಟೆಗೆ ಹೋಗಬೇಡಿ ಅನ್ನುವುದಿಲ್ಲ. ಹೋಗಿ, ಬಾವಿಯ ನೀರು ಕುಡಿದು ನೋಡಿ, ಶಾಸನ ಓದಿಸಿ. ತಿಳಿಯುವ ಆಸೆ ಒಳ್ಳೆಯದು, ಆ ಆಸೆಯೇ ಅಡಿವೆಪ್ಪನನ್ನು ಕಾಪಾಡಿತು. ಆದರೆ ನೂರಾರು ಮೈಲಿ ಹೋಗಿ ಸತ್ತವರನ್ನು ಹುಡುಕುವವನು ಹನ್ನೆರಡು ಮೈಲಿ ದೂರದಲ್ಲಿ ಬದುಕಿರುವವಳಿಗೆ ಗೀಟು ಎಳೆದರೆ, ಆ ಹುಡುಕಾಟ ಯಾವ ದೇವರಿಗೆ ಮುಟ್ಟೀತು?

ಮನೆಗೆ ಹೋಗಿ ಮೊದಲು ಹಿರಿಯ ಹೆಂಗಸನ್ನು ಕೂರಿಸಿಕೊಂಡು ಕೇಳಿ, ಅವಳಿಗೆ ನೆನಪಿರುವ ಹೆಣ್ಣುಹೆಸರುಗಳನ್ನೆಲ್ಲ ಬರೆದುಕೊಳ್ಳಿ. ಇಂದೇ. ನಾಳೆ ಅನ್ನುವಷ್ಟು ವಯಸ್ಸು ಅವಳಿಗಿಲ್ಲ. ಮದುವೆಯ ಕಾಗದ ಅಚ್ಚಿಗೆ ಕೊಡುವ ಮುಂಚೆ ಅದರಲ್ಲಿ ಯಾರ ಹೆಸರು ಬಿಟ್ಟಿದ್ದೀರಿ ನೋಡಿ. ನಿಮ್ಮ ಮನೆತನದ ವಾಟ್ಸಪ್ ಗುಂಪಿನಿಂದ ಯಾರನ್ನು ತೆಗೆದುಹಾಕಿದ್ದೀರಿ ನೋಡಿ. ಬೇರೆ ಜಾತಿಯವನನ್ನು ಕಟ್ಟಿಕೊಂಡಳು, ಎರಡನೆಯ ಮದುವೆಯಾದಳು, ಹೇಳಿದ ಮಾತು ಕೇಳಲಿಲ್ಲ, ಕಾರಣ ಏನಾದರೂ ಇರಲಿ. ಅವಳ ಹೆಸರು ಬರೆಯಿರಿ. ಪಕ್ಕದಲ್ಲಿ ಅವಳು ಯಾರ ಹೆಸರು ಹೇಳುತ್ತಾಳೋ ಅದನ್ನೂ ಬರೆಯಿರಿ.

ಪ್ರಸಾದಕ್ಕೆ ಗೋಧಿ ಹುಗ್ಗಿ ಇದೆ. ಹೊಟ್ಟೆ ತುಂಬ ಉಣ್ಣಿ. ಎರಡೂವರೆಗೆ ನಾಲ್ಕೂ ದಿಕ್ಕಿಗೆ ಬಸ್ಸುಗಳು ಹೊರಡುತ್ತವೆ. ನಿಮ್ಮಲ್ಲಿ ಕೆಲವರಿಗೆ ಯಾವ ಬಸ್ಸು ಹತ್ತಬೇಕು ಅಂತ ಈಗಾಗಲೇ ಗೊತ್ತಾಗಿದೆ. ಮುಖ ನೋಡಿದರೆ ತಿಳಿಯುತ್ತದೆ. ಅಂಥವರು ಇಂದು ನೇರ ಮನೆಗೆ ಹೋಗಬೇಡಿ.